ಚಾಪೆ ಪಾರ್ಟಿಗೆ ತಾರೀಕಿಲ್ಲ

ಬಾಗಲಗುಂಟೆ
6-4-1996, ಶನಿವಾರ

ಪ್ರೀತಿಯ ಸ್ಫೂರ್ತಿ,

ಮುಗಿಯಿತು ಕಣೇ! ಬುಧವಾರ ಕೊನೆಯ ಪೇಪರ್ ಕೊಟ್ಟು ಬಂದವಳೇ ಗೈಡುಗಳನ್ನೆಲ್ಲ ಹಗ್ಗದಲ್ಲಿ ಬಿಗಿದು ಅಟ್ಟಕ್ಕೆ ಎಸೆದೆ. ಎರಡು ದಿನ ಬರೀ ನಿದ್ದೆ. ಇವತ್ತು ಎದ್ದು ಮಾಡುತ್ತಿರುವ ಮೊದಲ ಒಳ್ಳೆಯ ಕೆಲಸ ಎಂದರೆ ಈ ಕಾಗದ.

ಎರಡು ವರ್ಷದ ಹಿಂದೆ ನೀವು ನಮ್ಮ ಪಕ್ಕದ ಮನೆ ಖಾಲಿ ಮಾಡಿ ರಾಣೆಬೆನ್ನೂರಿಗೆ ಹೊರಟಾಗ, ಲಾರಿ ಹತ್ತುವ ಮುಂಚೆ ನನ್ನಿಂದ ಆಣೆ ಹಾಕಿಸಿಕೊಂಡಿದ್ದೆ, ನೆನಪಿದೆಯಾ? ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಒಂದು ಪೂರ್ತಿ ರಾತ್ರಿ ಕಣ್ಣು ಮುಚ್ಚದೆ ಮಾತಾಡಬೇಕು ಅಂತ. ಆ ರಾತ್ರಿ ಬಂದಿದೆ. ಏಪ್ರಿಲ್ ಇಪ್ಪತ್ತು, ಶನಿವಾರ. ನಮ್ಮ ಕ್ಲಾಸಿನ ರೆಜಿನಾ ಇದ್ದಾಳಲ್ಲ, ಅವಳ ದೊಡ್ಡಮ್ಮನ ಮಕ್ಕಳು ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿ ಹೀಗೆ ಸ್ನೇಹಿತೆಯರೆಲ್ಲ ಒಂದೇ ಮನೆಯಲ್ಲಿ ಮಲಗುತ್ತಾರಂತೆ. ಅದಕ್ಕೆ ಏನೋ ಇಂಗ್ಲಿಷ್ ಹೆಸರಿದೆ. ನಾನು ಚಾಪೆ ಪಾರ್ಟಿ ಎಂದು ಕರೆದಿದ್ದೇನೆ. ಪರೀಕ್ಷೆಯ ನಡುವೆಯೇ ಶುರುಮಾಡಿ ಅಪ್ಪಾಜಿಯನ್ನು ಒಪ್ಪಿಸಲು ನಾಲ್ಕು ದಿನ ಬೇಕಾಯಿತು. "ದಿನಾ ಮಲಗತೀರಲ್ಲ ಮನ್ಯಾಗ, ಮಲಗಾಕೂ ಒಂದ್ ಪಾರ್ಟಿ ಬೇಕೇನು?" ಎಂದು ನಕ್ಕೂ ನಕ್ಕೂ ಕೊನೆಗೆ ಹೂಂ ಅಂದರು. ಆ ವಾರ ಅವರು ಫ್ಯಾಕ್ಟರಿಯಲ್ಲಿ ಮೂರನೇ ಶಿಫ್ಟ್, ರಾತ್ರಿಯದು, ಹಾಕಿಸಿಕೊಳ್ಳುತ್ತಾರಂತೆ. ಪಾಪ, ನಮಗೆ ಜಾಗ ಬಿಡಲು.

ನೀನು, ನಾನು, ರೆಜಿನಾ, ಕೆಳಗಿನ ಮನೆಯ ಕೃಪಾ. ನಾಲ್ಕೇ ಜನ. ಕೃಪಾಳದೊಂದು ದೊಡ್ಡ ಸುದ್ದಿ. ಅವಳಪ್ಪ, ನಮ್ಮ ಓನರ್ ಅಂಕಲ್, ಅವಳನ್ನು ಕಾಲೇಜಿಗೆ ಕಳಿಸಲು ಒಪ್ಪಿದ್ದಾರೆ! ಹನುಮಂತರಾಯಪ್ಪನವರ ವಂಶದಲ್ಲಿ ಹುಡುಗಿಯೊಬ್ಬಳು ಬಸ್ಸು ಹತ್ತಿ ಮಲ್ಲೇಶ್ವರಕ್ಕೆ ಓದಲು ಹೋಗುವುದು ಇದೇ ಮೊದಲು. ಅದಕ್ಕೊಂದು ಷರತ್ತು ಬೇರೆ. "ಓದು, ಬ್ಯಾಡ ಅನ್ನಾಕಿಲ್ಲ. ನಿನ್ ಮ್ಯಾಲೆ ಒಂದ್ ಮಾತ್ ಬಂದ್ರೂ ಅವತ್ತೇ ಪುಸ್ತಕ ಕಟ್ಟಿಕ್ಕು" ಅಂದರಂತೆ. ಅವಳೂ ನಾನೂ ಒಂದೇ ಕಾಲೇಜು, ಒಂದೇ ಬಸ್ಸು. ಅವಳು ಈಗ ಮನೆಯಲ್ಲಿ ಜೋರಾಗಿ ಸೀನುವುದೂ ಇಲ್ಲ.

ಬೇಗ ಬರೆ. ಯಮನಪ್ಪ ಕಾಕಾನಿಗೆ ಈಗಲೇ ರಜೆ ಹಾಕಲು ಹೇಳು.

ನಿನ್ನ
ನಿವಿ


ರಾಣೆಬೆನ್ನೂರು
10-4-1996

ನಿವಿ,

ನಿನ್ನ ಕಾಗದ ನಿನ್ನೆ ಮಧ್ಯಾಹ್ನ ಬಂತು. ಸಂಜೆಯೊಳಗೆ ಆರು ಸಲ ಓದಿದೆ.

ಅಪ್ಪನಿಗೆ ಬೀಜದ ಕಂಪನಿಯಲ್ಲಿ ಹತ್ತೊಂಬತ್ತರಿಂದ ಮೂರು ದಿನ ರಜೆ ಸಿಕ್ಕಿದೆ. ಸೀಟು ರಿಸರ್ವ್ ಆಗಿದೆ. ಶನಿವಾರ ಬೆಳಿಗ್ಗೆ ಇಲ್ಲಿಂದ ಹೊರಟರೆ ನಾಲ್ಕು ಗಂಟೆಗೆ ಜಾಲಹಳ್ಳಿ ಕ್ರಾಸಿನಲ್ಲಿ ಇಳಿಯುತ್ತೇವೆ. ಅವ್ವ ಈಗಲೇ ಶೇಂಗಾ ಹುರಿಯುತ್ತಿದ್ದಾಳೆ, ನಿಮ್ಮನೆಗೆ ಉಂಡೆ ಕಟ್ಟಲು.

ಇಲ್ಲಿ ನನಗೆ ಹೇಳಿಕೊಳ್ಳುವಂಥ ಗೆಳತಿಯರು ಯಾರೂ ಆಗಲಿಲ್ಲ ಎಂದು ನಿನಗೆ ಬರೆದಿರಲಿಲ್ಲ. ಬೆಂಗಳೂರಿನವಳು ಎಂದು ಕ್ಲಾಸಿನಲ್ಲಿ ದೂರ ಕೂರುತ್ತಾರೆ. ನನ್ನ ಮಾತಿಗೆ ನಗುತ್ತಾರೆ. ಹಾಗಾಗಿ ಓಣಿಯವರಿಗೆಲ್ಲ ಹೇಳಿಬಿಟ್ಟಿದ್ದೇನೆ, ಬೆಂಗಳೂರಿನಲ್ಲಿ ನನಗಾಗಿ ಒಂದು ಪಾರ್ಟಿ ಇದೆ ಎಂದು. ನಿನ್ನ ಪಕ್ಕದ ಚಾಪೆ ನನ್ನದು, ಈಗಲೇ ಹೇಳಿದ್ದೇನೆ.

ಕೃಪಾಳ ಅಣ್ಣ ಚಿರಂಜೀವಿ ಈಗಲೂ ಬಂದ ಕಾಗದಗಳನ್ನೆಲ್ಲ ಅಂಗಳದಲ್ಲಿ ನಿಂತು ರೇಡಿಯೋ ವಾರ್ತೆಯ ಹಾಗೆ ಅಜ್ಜಿಗೆ ಓದಿ ಹೇಳುತ್ತಾನಾ? ಇಲ್ಲಿಗೆ ಬಂದ ಹೊಸತರಲ್ಲಿ ನಾನು ಕೃಪಾಳಿಗೆ ಹಾಕಿದ್ದ ಪೋಸ್ಟ್ ಕಾರ್ಡನ್ನು ನೀರು ಹಿಡಿಯುವವರ ಮುಂದೆಲ್ಲ ಓದಿ ಮಾನ ತೆಗೆದಿದ್ದ. ಆಮೇಲೆ ನಾನು ಆ ಮನೆಗೆ ಬರೆಯುವುದನ್ನೇ ಬಿಟ್ಟೆ.

ಇನ್ನು ಹತ್ತು ದಿನ.

ಸ್ಫೂರ್ತಿ


ಬಾಗಲಗುಂಟೆ
14-4-1996, ಭಾನುವಾರ

ಪ್ರೀತಿಯ ಸ್ಫೂರ್ತಿ,

ಒಂದು ಸಣ್ಣ ಬದಲಾವಣೆ. ಬೈಯಬೇಡ, ಪೂರ್ತಿ ಓದು.

ಕೃಪಾ ಕೇಳಿದ್ದಕ್ಕೆ ಓನರ್ ಅಂಕಲ್ ಆಗುವುದಿಲ್ಲ ಅಂದರು. "ಮೆಟ್ಲತ್ತಿ ಓಗಿ ಎಷ್ಟೊತ್ ಬೇಕಾದ್ರೂ ಮಾತಾಡು, ಮಲಗಾದ್ ಮಾತ್ರ ನಮ್ ಮನೇಲೇ." ಅವಳು ಅತ್ತೂ ಅತ್ತೂ ಮುಖ ಊದಿಸಿಕೊಂಡಿದ್ದಳು. ಆಮೇಲೆ ನನಗೇ ಒಂದು ಉಪಾಯ ಹೊಳೆಯಿತು. ಇದನ್ನು ನಿನಗಲ್ಲದೆ ಇನ್ನು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ನೀನೂ ಹಾಗೆಯೇ.

ತಿಂಗಳಿಗೆ ಮೂರು ರಾತ್ರಿ ಕೃಪಾ ಅವರ ಮನೆಯಲ್ಲಿ ಮಲಗುವುದಿಲ್ಲವಲ್ಲ! ಆಚೆ ಕೂತಾಗ ಅವಳನ್ನು ತಾರಸಿಯ ಶೀಟಿನ ಕೋಣೆಗೆ ಕಳಿಸುತ್ತಾರೆ, ನೀನೂ ನೋಡಿದ್ದೀಯ. ಯಾರೂ ಮುಟ್ಟುವುದಿಲ್ಲ, ಯಾರೂ ಕೆಲಸಕ್ಕೆ ಕರೆಯುವುದಿಲ್ಲ. ವೆಂಕಟಮ್ಮಜ್ಜಿ ಏಳು ಗಂಟೆಗೆ ಮೆಟ್ಟಿಲ ತುದಿಯಲ್ಲಿ ತಟ್ಟೆ ಇಟ್ಟು, ಒಂದು ಸಲ ಕೆಮ್ಮಿ, ಇಳಿದು ಹೋದರೆ ಮತ್ತೆ ಬೆಳಗಾಗುವ ತನಕ ಆ ಕಡೆ ಯಾರೂ ತಲೆ ಹಾಕುವುದಿಲ್ಲ. ಜೈಲಿಗೆ ಹಾಕಿ ಬೀಗ ಮರೆತ ಹಾಗೆ. ತಾರಸಿಯಿಂದ ನಮ್ಮ ಬಾಗಿಲಿಗೆ ಹನ್ನೆರಡು ಮೆಟ್ಟಿಲು. ಇನ್ನು ನಮ್ಮ ಮನೆಯಲ್ಲಂತೂ ಆ ಸೂತಕವೇ ಇಲ್ಲ. ಆ ದಿನಗಳಲ್ಲಿ ಅವ್ವ ಲಿಂಗಪೂಜೆಯನ್ನೂ ಬಿಡುವುದಿಲ್ಲ. ಮೂರು ತಿಂಗಳಿಂದ ಕೃಪಾ ಹಾಗೆ ಇಳಿದು ಬಂದು ನನ್ನ ಜೊತೆ ಓದಿಕೊಂಡು ಹೋಗುತ್ತಿದ್ದಾಳೆ. ಪರೀಕ್ಷೆಗೆ ಅವಳು ಚೆನ್ನಾಗಿ ಓದಿದ್ದೇ ಆಚೆ ಕೂತಾಗ!

ಆದ್ದರಿಂದ ಚಾಪೆ ಪಾರ್ಟಿ ಅವಳ ಆ ಮೂರು ದಿನಗಳಲ್ಲಿ. ಇಪ್ಪತ್ತೈದೋ ಇಪ್ಪತ್ತಾರೋ ಇಪ್ಪತ್ತೇಳೋ, ಯಾರಿಗೆ ಗೊತ್ತು? ರೆಜಿನಾ ದಿನಾ ಬಂದು "ಯಾವತ್ತೇ, ಯಾವತ್ತೇ?" ಅನ್ನುತ್ತಾಳೆ. ನಾನು ಕೃಪಾಳ ಮುಖ ನೋಡುತ್ತೇನೆ. ಕೃಪಾ ಆಕಾಶ ನೋಡುತ್ತಾಳೆ. ಹೊಟ್ಟೆ ಹಿಡಿದುಕೊಂಡು ನಗುತ್ತೇವೆ.

ನೀನು ಕಾಕಾನಿಗೆ ಹೇಳಿ ಟಿಕೆಟ್ ಒಂದು ವಾರ ಮುಂದಕ್ಕೆ ಹಾಕಿಸು. ನಾಲ್ಕು ಜನವೂ ಸೇರಿದರೇ ಮಜಾ.

ನಿನ್ನ
ನಿವಿ


ರಾಣೆಬೆನ್ನೂರು
18-4-1996

ನಿವಿ,

ಪರವಾಗಿಲ್ಲ.

ಅಪ್ಪನಿಗೆ ಮುಂದಿನ ವಾರ ರಜೆ ಇಲ್ಲ. ಕಂಪನಿಯವರು ಹೊಲಗಳ ತಪಾಸಣೆಗೆ ಬರುತ್ತಾರೆ. ಪಾರ್ಟಿ ಯಾವ ತಾರೀಕು ಎಂದು ಅಪ್ಪ ಕೇಳಿದರು, ಗೊತ್ತಿಲ್ಲ ಎಂದೆ. "ತಾರೀಕಿಲ್ಲದ ಕಾರ್ಯಕ್ಕ ಹ್ಯಾಂಗ ರಜಾ ಕೇಳಲವಾ?" ಎಂದರು. ಯಾಕೆ ಗೊತ್ತಿಲ್ಲ ಎಂದು ಕೇಳಿದರು. ಅದಕ್ಕೆ ಅಪ್ಪನಿಗೆ ಏನು ಹೇಳಲಿ? ಟಿಕೆಟ್ ವಾಪಸ್ ಮಾಡಿ ಬಂದರು.

ಉಂಡೆ ಇಲ್ಲಿಯೇ ಖರ್ಚಾಗುತ್ತಿವೆ.

ನೀವು ಚೆನ್ನಾಗಿ ಮಾಡಿ. ದಿನ ಗೊತ್ತಾದರೆ ತಿಳಿಸು, ಆ ರಾತ್ರಿ ನಿಮ್ಮನ್ನೆಲ್ಲ ನೆನೆಸಿಕೊಳ್ಳುತ್ತೇನೆ. ನಿನ್ನ ಪಕ್ಕದ ಚಾಪೆಯಲ್ಲಿ ಯಾರು ಮಲಗುತ್ತಾರೆ?

ಸ್ಫೂರ್ತಿ


ಬಾಗಲಗುಂಟೆ
22-4-1996, ಸೋಮವಾರ

ಪ್ರೀತಿಯ ಸ್ಫೂರ್ತಿ,

ನಿನ್ನದು ದೊಡ್ಡ ಮನಸ್ಸು ಕಣೇ. ಬೈದು ನಾಲ್ಕು ಪುಟ ಬರೆಯುತ್ತೀಯ ಎಂದು ಹೆದರಿದ್ದೆ. "ಪರವಾಗಿಲ್ಲ" ಓದಿ ಹೋದ ಜೀವ ಬಂತು. ಕೃಪಾಳಿಗೂ ಓದಿ ಹೇಳಿದೆ, ಸ್ಫೂರ್ತಿಗೆ ಸ್ವಲ್ಪವೂ ಬೇಜಾರಿಲ್ಲ ನೋಡು ಅಂತ. ಬಿಡು, ದಸರಾ ರಜೆಗೆ ನೀನು ಬಂದಾಗ ಇನ್ನೊಂದು ಮಾಡೋಣ.

ದಿನ ಬಹುತೇಕ ಶುಕ್ರವಾರ, ಇಪ್ಪತ್ತಾರು. ಕೃಪಾಳಿಗೆ ಇವತ್ತಿನಿಂದಲೇ ಸೊಂಟ ಹಿಡಿದಿದೆಯಂತೆ. ಗುರುವಾರ ಆಚೆ ಕೂತರೆ ಮೊದಲ ರಾತ್ರಿ ಬಿಟ್ಟು ಎರಡನೇ ರಾತ್ರಿ ನಮ್ಮ ಮನೆಗೆ. ರೆಜಿನಾ ವಿಸಿಪಿ ಬಾಡಿಗೆಗೆ ತರುತ್ತಾಳೆ, ಎರಡು ಸಿನಿಮಾ ಕ್ಯಾಸೆಟ್. ಅವ್ವ ಗಿರ್ಮಿಟ್ ಮಾಡುತ್ತಾಳೆ, ಮಿರ್ಚಿ ಕರಿಯುತ್ತಾಳೆ. ಮೆಹೆಂದಿ ಕೋನ್ ನಾಲ್ಕು ತಂದಿದ್ದೇನೆ, ನಿನ್ನ ಲೆಕ್ಕದ್ದು ನಾನೇ ಹಾಕಿಕೊಳ್ಳುತ್ತೇನೆ.

ಅವ್ವನಿಗೆ ಮಾತ್ರ ಒಂದು ಸುಳ್ಳು ಹೇಳಬೇಕಾಯಿತು. ಕೃಪಾ ಇಲ್ಲಿ ಮಲಗಲು ವೆಂಕಟಮ್ಮಜ್ಜಿ ಒಪ್ಪಿದ್ದಾರೆ ಎಂದಿದ್ದೇನೆ. ಅಷ್ಟೇನೂ ದೊಡ್ಡ ಸುಳ್ಳಲ್ಲ ಬಿಡು.

ಪಕ್ಕದ ಚಾಪೆ ಕೇಳಿದ್ದೆಯಲ್ಲ? ಕೃಪಾಳದು. ಅವಳಿಗೆ ಗೋಡೆಯ ಕಡೆಯೇ ಬೇಕಂತೆ.

ನಿನ್ನ
ನಿವಿ


ಬಾಗಲಗುಂಟೆ
28-4-1996, ಭಾನುವಾರ

ಸ್ಫೂರ್ತಿ,

ಯಾಕೆ ಕಾರ್ಡು ಹಾಕಿದೆ?

ಎರಡು ದಿನದಿಂದ ಇದೊಂದೇ ಪ್ರಶ್ನೆ ನನ್ನ ತಲೆಯಲ್ಲಿ. ಇನ್‌ಲ್ಯಾಂಡ್ ಹಾಕಬಹುದಿತ್ತು. ಅಂಟಿಸಿದ್ದನ್ನು ಚಿರಂಜೀವಿ ಒಡೆಯುವುದಿಲ್ಲ, ಅದು ನಿನಗೆ ಗೊತ್ತು. ನನ್ನ ವಿಳಾಸಕ್ಕೆ ಹಾಕಬಹುದಿತ್ತು. ಹಾಕದೆಯೂ ಇರಬಹುದಿತ್ತು. ಎರಡು ವರ್ಷ ಆ ಮನೆಗೆ ಒಂದು ಅಕ್ಷರ ಬರೆಯದವಳು ಇದೇ ವಾರ ಬರೆದೆ, ಅದೂ ಕಾರ್ಡಿನಲ್ಲಿ.

ಏನಾಯಿತು ಎಂದು ನಿನಗೆ ತಿಳಿಯಬೇಕು. ನಾನು ಪೂರ್ತಿ ಬರೆಯುತ್ತೇನೆ, ನೀನು ಪೂರ್ತಿ ಓದು.

ನಿನ್ನ ಕಾರ್ಡು ಶುಕ್ರವಾರ ಹನ್ನೊಂದು ಗಂಟೆಗೆ ಬಂತಂತೆ. ಅದು ಬೋರ್‌ವೆಲ್ ಬಿಡುವ ಹೊತ್ತು. ಅಂಗಳದಲ್ಲಿ ಬಿಂದಿಗೆ ಹಿಡಿದು ಹದಿನೈದು ಜನ ಹೆಂಗಸರು. ಚಿರಂಜೀವಿ ಎಂದಿನಂತೆ ಜೋರಾಗಿ ಓದಿದ. ಅರ್ಧ ಓದಿದ ಮೇಲೆ ಅವನಿಗೇ ಅರ್ಥವಾಗಿ ದನಿ ಇಳಿಯಿತಂತೆ, ಅಷ್ಟರಲ್ಲಿ ಎಲ್ಲರೂ ಕೇಳಿಸಿಕೊಂಡಿದ್ದರು. ಮೋಟರಿನ ಸದ್ದಿನಲ್ಲಿ ಮೇಲಿದ್ದ ನಮಗೆ ಏನೂ ಕೇಳಿಸಿರಲಿಲ್ಲ. ಕೃಪಾಳ ಮನೆಯವರು ಸಂಜೆಯ ತನಕ ಏನೂ ತೋರಿಸಿಕೊಳ್ಳಲಿಲ್ಲ. ಅಜ್ಜಿ ತಟ್ಟೆ ಇಟ್ಟರು, ಆದರೆ ಕೆಮ್ಮಲಿಲ್ಲ ಎಂದು ಕೃಪಾ ಬಂದ ತಕ್ಷಣ ಹೇಳಿದಳು. ನಾವು ಅದಕ್ಕೂ ನಕ್ಕೆವು.

ಒಂದೂವರೆ ಗಂಟೆ ನಾವು ಬಹಳ ಸಂತೋಷವಾಗಿದ್ದೆವು. ಅವ್ವ ಕೃಪಾಳನ್ನು ಮುಂದೆ ಕೂರಿಸಿಕೊಂಡು ತಲೆ ಬಾಚಿ ದುಂಡುಮಲ್ಲಿಗೆ ಮುಡಿಸಿದಳು. ಆ ದಿನಗಳಲ್ಲಿ ತನ್ನ ತಲೆಯನ್ನು ಒಬ್ಬರು ಮುಟ್ಟಿದ್ದು ಇದೇ ಮೊದಲು ಅಂತ ಕೃಪಾ ನಗುತ್ತಲೇ ಹೇಳಿದಳು. ಹೇಳಿ ಕಣ್ಣು ಒರೆಸಿಕೊಂಡಳು. ಅಪ್ಪಾಜಿ ಆಗಲೇ ಫ್ಯಾಕ್ಟರಿಗೆ ಹೋಗಿದ್ದರು. ಎಂಟೂವರೆಗೆ ಬಾಗಿಲಲ್ಲಿ ಓನರ್ ಅಂಕಲ್ ನಿಂತಿದ್ದರು. ಒಳಗೆ ಕಾಲಿಡಲಿಲ್ಲ. ಕೂಗಾಡಲೂ ಇಲ್ಲ. "ಕೃಪಾ, ನಡಿ" ಅಂದರು, ಅಷ್ಟೇ.

ಅವ್ವ ಎದ್ದು, "ನಮ್ಮ ಮನ್ಯಾಗ ಅದೆಲ್ಲಾ ಎಣಿಸೂದಿಲ್ರೀ ಯಜಮಾನ್ರ, ಹುಡುಗಿ ಇರ್ಲಿ ಬಿಡ್ರಿ" ಅಂದಳು.

"ನಿಮ್ ಮನೇಲಿ ಇಲ್ದೇ ಇರ್ಬೌದು ಕಣಮ್ಮ. ನಮ್ ಮನೇಲಿ ಐತೆ."

"ಅಜ್ಜಿ ಒಪ್ಯಾರ ಅಂತ ನನ್ನ ಮಗಳು..."

"ಯಾರ್ ಒಪ್ಪವ್ರೆ?"

ಅವ್ವ ತಿರುಗಿ ನನ್ನನ್ನು ನೋಡಿದಳು. ಹೊಡೆದಿದ್ದರೆ ಚೆನ್ನಾಗಿತ್ತು.

ಅಂಕಲ್ ಜೇಬಿನಿಂದ ಕಾರ್ಡು ತೆಗೆದು ನನ್ನ ಕೈಗೆ ಕೊಟ್ಟರು. ವಿಳಾಸ ನೋಡಿದ ಕೂಡಲೇ ನಿನ್ನ ಅಕ್ಷರ ಗೊತ್ತಾಯಿತು. "ಪ್ರೀತಿಯ ಕೃಪಾ, ಶುಕ್ರವಾರ ರಾತ್ರಿ ನೀನು ನಿವಿ ಮನೆಯಲ್ಲಿ ಮಲಗುತ್ತೀಯಂತೆ. ಆಚೆ ಕೂರುವ ಮೂರು ದಿನ ನಿನಗೆ ಇಷ್ಟು ಉಪಯೋಗಕ್ಕೆ ಬಂದದ್ದು ಕೇಳಿ ಸಂತೋಷ. ಮನೆಯವರಿಗೆ ಗೊತ್ತಾಗದ ಹಾಗೆ ಹುಷಾರಾಗಿ ಇಳಿ. ನನ್ನ ಜಾಗದಲ್ಲಿ ಚೆನ್ನಾಗಿ ನಿದ್ದೆ ಮಾಡು." ನನಗೆ ಬಾಯಿಪಾಠವಾಗಿದೆ.

ಹೋಗುವಾಗ ಅಂಕಲ್ ಅವ್ವನಿಗೆ ಹೇಳಿದ್ದು ಇಷ್ಟು: "ಮನೆ ಖಾಲಿ ಮಾಡಿ ಅಂತ ನಾನನ್ನಾಕಿಲ್ಲ. ನಿಮ್ದೇನ್ ತಪ್ಪಿಲ್ಲ. ನಮ್ ಕೂಸೇ ಸರಿ ಇಲ್ಲ. ಇನ್ ಕಾಲೇಜು ಗೀಲೇಜು ಏನೂ ಇಲ್ಲ." ಕೃಪಾ ಅಪ್ಪನ ಹಿಂದೆ ಮೆಟ್ಟಿಲು ಇಳಿದಳು. ನನ್ನ ಕಡೆ ತಿರುಗಿ ನೋಡಲಿಲ್ಲ. ಹಿತ್ತಲಿನಲ್ಲಿ ಅಜ್ಜಿ ಅವಳ ತಲೆಯ ಮೇಲೆ ತಣ್ಣೀರು ಸುರಿಯುವ ಸದ್ದು ನಮಗೆ ಮೇಲಿನ ತನಕ ಕೇಳಿಸಿತು. ರೆಜಿನಾಳ ಅಣ್ಣ ಬಂದು ಅವಳನ್ನು ಕರೆದುಕೊಂಡು ಹೋದ. ಕರಿದ ಮಿರ್ಚಿಯನ್ನು ಯಾರೂ ಮುಟ್ಟಲಿಲ್ಲ.

ನಿನ್ನೊಬ್ಬಳಿಗೆ ಹೇಳಿದ್ದೆ ಸ್ಫೂರ್ತಿ. ನಿನ್ನೊಬ್ಬಳಿಗೇ.

ನಿವೇದಿತಾ


ರಾಣೆಬೆನ್ನೂರು
3-5-1996

ನಿವೇದಿತಾ,

ನಿನ್ನ ಕಾಗದ ಓದಿದೆ. ಇಷ್ಟೆಲ್ಲ ಆಗುತ್ತದೆ ಎಂದು ನನಗೆ ಹೇಗೆ ಗೊತ್ತಾಗಬೇಕು?

ಪೋಸ್ಟ್ ಆಫೀಸಿನಲ್ಲಿ ಆವತ್ತು ಇನ್‌ಲ್ಯಾಂಡ್ ಮುಗಿದಿತ್ತು. ಮನೆಯಲ್ಲಿ ಒಂದು ಕಾರ್ಡಿತ್ತು, ಅದರಲ್ಲೇ ಬರೆದೆ. ಚಿರಂಜೀವಿಯೂ ಈಗ ದೊಡ್ಡವನಾಗಿದ್ದಾನೆ, ಕಾಗದ ಓದುವ ಚಾಳಿ ಬಿಟ್ಟಿರುತ್ತಾನೆ ಎಂದುಕೊಂಡೆ. ಕೃಪಾ ನನಗೂ ಸ್ನೇಹಿತೆ. ಒಂದು ಸಾಲು ಬರೆದದ್ದು ತಪ್ಪಾ?

ನೀನು ಕೇಳಿದ್ದಕ್ಕೆ ಹೇಳುತ್ತೇನೆ. ಯಾರಿಗೂ ಹೇಳಬಾರದ ವಿಷಯವಾಗಿದ್ದರೆ ನೀನು ನನಗೆ ಯಾಕೆ ಬರೆದೆ? ಅವಳು ಮುಟ್ಟಾಗುವ ತಾರೀಕು, ಅವಳ ಸೊಂಟ ನೋವು, ಇದೆಲ್ಲ ನಾನು ಕೇಳಿದ್ದೆನಾ? ನಾನು ಕೇಳಿದ್ದು ನಿನ್ನ ಪಕ್ಕದ ಜಾಗ ಮಾತ್ರ. ಆಣೆ ಹಾಕಿದ್ದು ನೀನು. ತಾರೀಕು ಹೇಳಿದ್ದು ನೀನು, ಅದನ್ನು "ಒಂದು ಸಣ್ಣ ಬದಲಾವಣೆ" ಎಂದು ತಪ್ಪಿಸಿದ್ದೂ ನೀನು. ನನ್ನ ಪಾಲಿನ ಮೆಹೆಂದಿ ನೀನೇ ಹಾಕಿಕೊಳ್ಳುವುದಾಗಿ ಬರೆದು ಕಳಿಸಿದ್ದೀಯ, ಮತ್ತೆ ತೆಗೆದು ಓದಿ ನೋಡಿಕೊ. ಓ, ಅದು ನನ್ನ ಹತ್ತಿರ ಇದೆಯಲ್ಲವೇ.

ಕಾಲೇಜಿನ ವಿಷಯಕ್ಕೆ ಬೇಸರವಾಯಿತು. ಅವರಪ್ಪನ ಕೋಪ ಇಳಿಯುತ್ತದೆ ಬಿಡು.

ಸ್ಫೂರ್ತಿ


ರಾಣೆಬೆನ್ನೂರು
26-5-1996, ಭಾನುವಾರ

ಪ್ರೀತಿಯ ನಿವಿ,

ಮೂರು ವಾರದಿಂದ ಪೋಸ್ಟ್‌ಮನ್ ಮಲಕಪ್ಪನನ್ನು ದಿನಾ ಕೇಳುತ್ತಿದ್ದೇನೆ. "ಇಲ್ಲವಾ, ಬಂದ್ರ ನಾನಽ ಕರದ್ ಕೊಡ್ತೇನಿ" ಅನ್ನುತ್ತಾನೆ. ಈಗ ನನ್ನನ್ನು ಕಂಡರೆ ಅವನೇ ಸೈಕಲ್ ಜೋರಾಗಿ ತುಳಿಯುತ್ತಾನೆ.

ಹಿಂದಿನ ಕಾಗದದಲ್ಲಿ ನಾನು ಸುಳ್ಳು ಬರೆದಿದ್ದೆ. ಇನ್‌ಲ್ಯಾಂಡ್ ಮುಗಿದಿರಲಿಲ್ಲ.

ಏಪ್ರಿಲ್ ಇಪ್ಪತ್ತರ ದಿನ ನಾನು ಮನೆಯಿಂದ ಹೊರಗೆ ಬರಲಿಲ್ಲ. ಬೆಂಗಳೂರಿಗೆ ಹೋಗುತ್ತೇನೆ ಎಂದು ಓಣಿಗೆಲ್ಲ ಹೇಳಿದ್ದೆನಲ್ಲ, ಯಾರಾದರೂ ನೋಡಿದರೆ ಏನು ಹೇಳಲಿ? ಇಡೀ ದಿನ ಒಳಗಿನ ಕೋಣೆಯಲ್ಲಿ ಕೂತಿದ್ದೆ. ಕೇಳಿದವರಿಗೆ ಅವ್ವ "ಹೋಗ್ಯಾಳ್ರೀ" ಎಂದು ಹೇಳಿದಳು. ನನಗೋಸ್ಕರ ಅವ್ವನೂ ಸುಳ್ಳು ಹೇಳಿದಳು. ಆಮೇಲೆ ನಿನ್ನ ಇಪ್ಪತ್ತೆರಡರ ಕಾಗದ ಬಂತು. ನನ್ನದು ದೊಡ್ಡ ಮನಸ್ಸು ಎಂದು ಬರೆದಿದ್ದೆ. ಕೃಪಾಳಿಗೆ ಗೋಡೆಯ ಕಡೆ ಬೇಕು ಎಂದೂ.

ಮೊದಲು ಇನ್‌ಲ್ಯಾಂಡಿನಲ್ಲೇ ಬರೆದೆ. ಬರೆದು ಅಂಟಿಸಿದೆ. ಇದನ್ನು ಕೃಪಾ ಒಬ್ಬಳೇ ಓದುತ್ತಾಳೆ, ಓದಿ ನಿನಗೆ ತೋರಿಸುತ್ತಾಳೆ, ಇಬ್ಬರೂ ಸೇರಿ ನಗುತ್ತೀರಿ ಅನ್ನಿಸಿತು. ಹರಿದು ಹಾಕಿದೆ. ಕಾರ್ಡು ತೆಗೆದುಕೊಂಡೆ. ಚಿರಂಜೀವಿ ಅಂಗಳದಲ್ಲಿ ನಿಂತು ಓದುವುದು ನನ್ನ ಕಣ್ಣಿಗೆ ಕಟ್ಟಿದ ಹಾಗಿತ್ತು. ಗೊತ್ತಿದ್ದೇ ಹಾಕಿದೆ ನಿವಿ. ಪಾರ್ಟಿ ನಿಲ್ಲಬೇಕು ಅಂತ ಅಷ್ಟೇ ಇತ್ತು. ಅವಳ ಕಾಲೇಜು ಆ ಹೊತ್ತಿಗೆ ನನ್ನ ನೆನಪಿಗೇ ಬರಲಿಲ್ಲ ಎಂದರೆ ನಂಬುತ್ತೀಯಾ? ನೀನು ಬರೆದಿದ್ದೆ, ಓದಿದ್ದೆ, ಆದರೂ ಬರಲಿಲ್ಲ. ಡಬ್ಬಿಗೆ ಹಾಕಿದ ಮೇಲೆ ನೆನಪಾಯಿತು. ಸಂಜೆ ಡಬ್ಬಿ ತೆಗೆಯುವವನು ಬರುವ ತನಕ ಅಲ್ಲೇ ನಿಂತು ಕೇಳಿದೆ. ಕೊಡುವ ಹಾಗಿಲ್ಲ ಎಂದ.

ನನಗೆ ಫಸ್ಟ್ ಕ್ಲಾಸ್ ಬಂದಿದೆ. ನಿಮ್ಮದು ತಿಳಿಸು. ಕೃಪಾಳಿಗೆ ನಾನೇ ಬರೆದು ಕ್ಷಮೆ ಕೇಳಲೇ? ಓನರ್ ಅಂಕಲ್‌ಗೆ ಬರೆಯಲೇ? ನೀನು ಹೇಳಿದ ಹಾಗೆ ಮಾಡುತ್ತೇನೆ.

ನಿನ್ನವಳೇ ಆದ
ಸ್ಫೂರ್ತಿ


ಬಾಗಲಗುಂಟೆ
14-7-1996, ಭಾನುವಾರ

ಸ್ಫೂರ್ತಿ,

ನಿನ್ನ ಕಾಗದ ಬಂದು ಸುಮಾರು ಏಳು ವಾರವಾಯಿತು. ಉತ್ತರ ಬರೆಯಬಾರದೆಂದೇ ಇದ್ದೆ. ನಿನ್ನ ಹೆಸರು ಕೇಳಿದರೂ ಮೈ ಉರಿಯುತ್ತಿತ್ತು. ಗೊತ್ತಿದ್ದೇ ಹಾಕಿದೆ ಎಂದು ನೀನು ಒಪ್ಪಿಕೊಂಡದ್ದರಿಂದ ನನಗೆ ಒಂದು ಉಪಕಾರವಾಯಿತು, ಬೈಯಲು ಒಬ್ಬಳು ಗಟ್ಟಿಯಾಗಿ ಸಿಕ್ಕಿದಳು. ಬಸ್ಸಿನಲ್ಲಿ ಕಾಲೇಜಿಗೆ ಹೋಗುವಾಗ ದಿನಾ ಮನಸ್ಸಿನಲ್ಲೇ ನಿನಗೆ ಬೈದುಕೊಂಡು ಹೋಗುತ್ತಿದ್ದೆ.

ಕೃಪಾಳಿಗೂ ಫಸ್ಟ್ ಕ್ಲಾಸ್ ಬಂತು. ನನಗಿಂತ ಹನ್ನೊಂದು ಅಂಕ ಜಾಸ್ತಿ. ಅಪ್ಪಾಜಿ ಪೇಡೆ ತೆಗೆದುಕೊಂಡು ಕೆಳಗೆ ಹೋಗಿ ಅಂಕಲ್ ಹತ್ತಿರ ಒಂದು ಗಂಟೆ ಕೂತು ಬಂದರು. ಅಂಕಲ್ ಪೇಡೆ ತಿಂದರು, ಕಾಫಿ ಕೊಟ್ಟರು, "ಆ ಮಾತೊಂದ್ ಬುಟ್ಟು ಬೇರೆ ಮಾತಾಡಿ ಚನ್ನವೀರಪ್ನೋರೆ" ಅಂದರಂತೆ. ಅರ್ಜಿ ಕೊಡುವ ಕೊನೆಯ ದಿನವೂ ಹೋಯಿತು. ಈಗ ಅವಳು ಆಚೆ ಕೂರುವುದು ತಾರಸಿಯಲ್ಲಲ್ಲ. ಕೆಳಗೆ ಹಿತ್ತಲಿನಲ್ಲಿ, ಹಸುವಿನ ಕೊಟ್ಟಿಗೆಯ ಪಕ್ಕ, ಅವಳಮ್ಮನ ಕಣ್ಣೆದುರಿಗೆ.

ಹೋದ ವಾರ ವೆಂಕಟಮ್ಮಜ್ಜಿ ಮೇಲೆ ಬಂದು ಅವ್ವನ ಹತ್ತಿರ ಕೂತರು. ಅಷ್ಟು ದಿನವಾದ ಮೇಲೆ ಮೊದಲ ಸಲ. ನಾನು ಒಳಗಿದ್ದೆ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ.

"ನಂಗ್ ಗೊತ್ತಿರ್ಲಿಲ್ಲ ಅನ್ಕಂಡ್ಯಾ? ಮೂರ್ ತಿಂಗ್ಳಿಂದ ಇಳ್ಕಂಡ್ ನಿಮ್ ಮನೆಗ್ ಬತ್ತಿದ್ಲು, ಅವಳ್ ಕಾಲ್ ಸಪ್ಳ ನಂಗ್ ಕೇಳಾಕಿಲ್ವಾ? ಕೇಳುಸ್ಲಿ, ಇಳೀಲಿ ಅಂತಾನೇ ಕೆಮ್ಬುಟ್ ಓಯ್ತಿದ್ದೆ. ಉಡ್ಗಿ ಓದ್ಕಳ್ಳಿ ಅಂತ. ಅಟ್ಟೀಲಿ ಅಷ್ಟ್ ಜನದ್ ಮುಂದೆ ಓದ್ಬುಟ್ನಲ್ಲಮ್ಮ, ಇನ್ ನಂಗ್ ಗೊತ್ತಿಲ್ಲ ಅಂತ ಎಂಗಿರ್ಲಿ?"

ನಾನು ಅಡುಗೆಮನೆಯಲ್ಲಿ ನಿಂತು ಅತ್ತೆ. ನಾವು ಅಜ್ಜಿಯ ಕಣ್ಣು ತಪ್ಪಿಸುತ್ತಿದ್ದೇವೆ ಎಂದು ನಗುತ್ತಿದ್ದೆವಲ್ಲ. ಅಜ್ಜಿಯೇ ಮನೆಯವರ ಕಣ್ಣು ತಪ್ಪಿಸಿ ಮೊಮ್ಮಗಳನ್ನು ನಮ್ಮ ಮನೆಗೆ ಕಳಿಸುತ್ತಿದ್ದರು.

ಅವತ್ತು ನಿನ್ನ ಮೇಲೆ ಇನ್ನೂ ಸಿಟ್ಟು ಬಂತು. ಕಟುವಾಗಿ ಒಂದು ಕಾಗದ ಬರೆದಿಟ್ಟೆ. ನಿನ್ನೆ ಅದನ್ನು ಡಬ್ಬಿಗೆ ಹಾಕಲು ಕೆಳಗೆ ಇಳಿದಾಗ ಕೃಪಾ ಅಂಗಳದಲ್ಲಿ ಬಿಂದಿಗೆಗೆ ಪೈಪು ಹಿಡಿದು ಕೂತಿದ್ದಳು. ಸುತ್ತ ಯಾರೂ ಇರಲಿಲ್ಲ. ಎರಡೂವರೆ ತಿಂಗಳಿಂದ ಅವಳು ನನ್ನ ಜೊತೆ ಮಾತಾಡಿಲ್ಲ. ನಾನು ಹತ್ತಿರ ಹೋಗಿ ಕಾಗದ ತೋರಿಸಿದೆ. "ನೋಡೇ, ಸ್ಫೂರ್ತಿಗೆ ಸರಿಯಾಗಿ ಬರ್ದಿದ್ದೀನಿ. ಗೊತ್ತಿದ್ದೇ ಹಾಕಿದ್ದಂತೆ ಕಾರ್ಡು. ಅವಳೇ ಒಪ್ಕೊಂಡಿದ್ದಾಳೆ" ಅಂದೆ. ಅವಳಿಗೆ ಸಮಾಧಾನವಾಗುತ್ತದೆ ಅಂದುಕೊಂಡಿದ್ದೆ. ನಾವಿಬ್ಬರೂ ಸೇರಿ ನಿನ್ನನ್ನು ಬೈಯಬಹುದು, ಹಾಗಾದರೂ ಮತ್ತೆ ಮಾತು ಶುರುವಾಗುತ್ತದೆ ಅಂದುಕೊಂಡಿದ್ದೆ.

ಅವಳು ಕಾಗದ ಮುಟ್ಟಲಿಲ್ಲ. ಪೈಪನ್ನು ಇನ್ನೊಂದು ಬಿಂದಿಗೆಗೆ ಹಾಕಿದಳು.

"ಅವ್ಳಿಗ್ ಎಂಗ್ ಗೊತ್ತಾಯ್ತು?" ಅಂದಳು.

ನಾನು ಕಾಗದ ಮಡಚಿ ಹಿಡಿದುಕೊಂಡೆ.

"ನಾನ್ ನಿಂಗೊಬ್ಳಿಗ್ ಏಳಿದ್ದೆ ನಿವಿ. ನನ್ ತಾರೀಕು, ನನ್ ನೋವು ಎಲ್ಲಾ. ನೀನ್ ಬರ್ದು ಕಳ್ಸ್‌ಬುಟ್ಟೆ. ಅವ್ಳು ಬರ್ದು ವಾಪಸ್ ಕಳ್ಸಿದ್ಲು. ನೀವಿಬ್ರೂ ಕಾಗ್ದ ಬರ್ಕೊಳಕ್ಕೆ ನನ್ ವಿಷ್ಯ ಬುಟ್ರೆ ಬೇರೇನೂ ಇರ್ಲಿಲ್ವಾ?"

ಬಿಂದಿಗೆ ತುಂಬಿತು. ಎತ್ತಿ ಸೊಂಟಕ್ಕಿಟ್ಟುಕೊಂಡು ಒಳಗೆ ಹೋದಳು. ನಾನು ಮೇಲೆ ಬಂದು ಆ ಕಾಗದ ಹರಿದು ಹಾಕಿದೆ.

ನೀನು ಮೋಸ ಮಾಡಿದೆ, ಅದು ನಿಜ. ಅದನ್ನು ನಾನು ಮರೆಯುವುದಿಲ್ಲ. ನಾನು ನಿನಗೆ ಕೊಟ್ಟ ಮಾತನ್ನು ನಗುನಗುತ್ತಾ ಮುರಿದೆ, ಅದೂ ನಿಜ. ನೀನು ಕೋಣೆಯಲ್ಲಿ ಅಡಗಿ ಕೂತಿದ್ದು ಓದಿದಾಗ ನನಗೆ ಸಂಕಟವಾಗಿತ್ತು. ಸಿಟ್ಟಿನಲ್ಲಿ ನಿನಗೆ ಹೇಳಿರಲಿಲ್ಲ. ಆದರೆ ನಾವಿಬ್ಬರೂ ಕೊಟ್ಟು ತೆಗೆದುಕೊಂಡದ್ದು ಹೇಗೋ ಸರಿಹೋಗಬಹುದು. ಕೃಪಾ ನಮ್ಮಿಬ್ಬರಿಗೂ ಏನೂ ಮಾಡಿರಲಿಲ್ಲ. ಅವಳು ಒಂದು ರಾತ್ರಿ ಕೇಳಿದ್ದಳು.

ಅವಳಿಗೆ ಏನು ಉತ್ತರ ಕೊಡಲಿ ಎಂದು ನಿನ್ನನ್ನು ಕೇಳೋಣ ಅಂತ ಈ ಕಾಗದ ಹಿಡಿದು ಕೂತೆ. ಬೇರೆ ಯಾರನ್ನು ಕೇಳಲಿ? ಈಗ ಬರೆದದ್ದನ್ನು ಮೊದಲಿನಿಂದ ಓದಿಕೊಂಡೆ. ಅವಳ ಅಂಕ, ಅವಳು ಆಚೆ ಕೂರುವ ಜಾಗ, ಅವಳ ಅಜ್ಜಿ ನಂಬಿ ಅವ್ವನ ಹತ್ತಿರ ಆಡಿದ ಗುಟ್ಟು, ನಿನ್ನೆ ಅವಳು ಯಾರೂ ಇಲ್ಲದಾಗ ಹೇಳಿದ ಮಾತು. ಎಲ್ಲವನ್ನೂ ಮತ್ತೆ ನಿನಗೆ ಬರೆದುಬಿಟ್ಟಿದ್ದೇನೆ.

ಇದನ್ನು ಕಳಿಸುವುದಿಲ್ಲ.

ನಿವೇದಿತಾ